ನಂಬರ್ ಹದಿನಾಲ್ಕು

ಎಸ್.ಪಿ. ರೋಡಿನಲ್ಲಿ ಕೇಬಲ್ ಸುರುಳಿಗಳನ್ನು ದಾಟಿ
ಕಬ್ಬಿಣದ ಮೆಟ್ಟಿಲು ಹತ್ತಿದರೆ ನನ್ನ ಅಂಗಡಿ,
ಆರಡಿಗೆ ಒಂಬತ್ತು. ಬೋರ್ಡಿಲ್ಲ.
ಹುಡುಕುವವರಿಗೆ ಗೊತ್ತು.

ಹಲ್ಲಿನ ಡಾಕ್ಟರು ಲವೀನಾ ಮೇಡಂ
ತಿಂಗಳಿಗೊಂದು ಶನಿವಾರ ಬರುತ್ತಾರೆ.
ವಿಡಿಯೋ ಗೇಮ್ ಕ್ಯಾಸೆಟ್ಟಿನ ಬಾಯಿಗೆ ಟಾರ್ಚ್ ಬಿಟ್ಟು
ಪಿನ್ನುಗಳನ್ನು ಒಂದೊಂದಾಗಿ ನೋಡಿ
ಇಯರ್ ಬಡ್ಡಿಗೆ ಸ್ಪಿರಿಟ್ ಅದ್ದಿ ಉಜ್ಜಿ
"ಮೂರನೆಯದು ಹುಳುಕು" ಅನ್ನುತ್ತಾರೆ. ನಗುವುದಿಲ್ಲ.

ಇವತ್ತು ಕೇಳಿದರು:
"ಗುಣಶೇಖರ್, ಸೀಲ್ ಒಡೆಯದ ಆ ಡಬ್ಬಿ
ಎಂಬತ್ತು ಸಾವಿರ ಅಂತೀರಿ.
ಹತ್ತು ವರ್ಷ ಇಟ್ಟರೆ ನಿಲ್ಲುತ್ತಾ ಬೆಲೆ?"

ಡಬ್ಬಿಯನ್ನು ನಾನೂ ಅಲುಗಿಸಿ ನೋಡಿದ್ದೇನೆ.
ಒಳಗೆ ಏನೋ ಇದೆ. ಆಟವೇ ಇರಬೇಕು.
ಯಾರ ಬೆವರೂ ತಾಗದ್ದಕ್ಕೆ ಎಂಬತ್ತು ಸಾವಿರ,
ಹೆಬ್ಬೆರಳು ಸವೆಯುವಷ್ಟು ಆಡಿದ್ದಕ್ಕೆ ಎಂಟುನೂರು.
ಈ ಲೆಕ್ಕ ಹಾಕಿದವರು ಯಾರೋ, ನಾನಲ್ಲ.

ಹೌದು ಅನ್ನಬಹುದಿತ್ತು,
ಬೆಳಗಿನಿಂದ ಬೋಣಿಯಾಗಿರಲಿಲ್ಲ.
ಆದರೂ ಹೇಳಿದೆ: ಮೇಡಂ,
ನಮ್ಮ ಮಾವ ಅವೆನ್ಯೂ ರೋಡಿನಲ್ಲಿ ಅಂಚೆಚೀಟಿ ಮಾರುತ್ತಿದ್ದರು.
ಅವರು ಚಿಮಟದಲ್ಲಿ ಎತ್ತಿ ತೋರಿಸಿದ್ದನ್ನು
ವಕೀಲರು ಉಸಿರು ಬಿಗಿಹಿಡಿದು ಕೊಳ್ಳುತ್ತಿದ್ದರು.
ಆ ವಕೀಲರೆಲ್ಲ ಒಬ್ಬೊಬ್ಬರಾಗಿ ಹೋದರು.
ಈಗ ಅವರ ಆಲ್ಬಮ್ಮುಗಳು ಭಾನುವಾರದ ಸಂತೆಯಲ್ಲಿ
ಹಳೇ ಪೇಪರಿನ ಜೊತೆ ತೂಕಕ್ಕೆ.

ಬೆಲೆ ಇರುವುದು ಪ್ಲಾಸ್ಟಿಕ್ಕಿನಲ್ಲಲ್ಲ.
ಹತ್ತನೇ ವಯಸ್ಸಿನಲ್ಲಿ ಸಿಗದೇ ಹೋದದ್ದನ್ನು
ನಲವತ್ತರಲ್ಲಿ ದುಡ್ಡು ಹಿಡಿದು ಬಂದು ಕೇಳುತ್ತಾರಲ್ಲ,
ಆ ಹಠದಲ್ಲಿ.
ಹಠಕ್ಕೂ ಮೊಣಕಾಲು ನೋವು ಬರುತ್ತದೆ.
ನಿಮ್ಮ ಮಗಳು ಈ ಡಬ್ಬಿಗೆ ಯಾವತ್ತಾದರೂ ಅತ್ತಿದ್ದಾಳಾ?

"ಅವಳಿಗೆ ಟೀವಿ ಮುಂದೆ ಕೂರುವುದೇ ಶಿಕ್ಷೆ" ಅಂದರು.

ಇನ್ನೊಂದು. ಒಳಗೆ ಒಂದು ಗುಂಡು ಬ್ಯಾಟರಿ ಇರುತ್ತದೆ,
ಆಟ ಎಲ್ಲಿಗೆ ನಿಂತಿತೆಂದು ನೆನಪಿಡಲು.
ಸೀಲ್ ಒಡೆಯದಿದ್ದರೂ ಅದು ತನ್ನ ಪಾಡಿಗೆ ಸಾಯುತ್ತದೆ.
ನೆನಪಿಡಲು ಏನೂ ಇಲ್ಲದೆ.

ಹಾಗಂತ ಈ ವ್ಯಾಪಾರಕ್ಕೆ ನ್ಯಾಯವೇ ಇಲ್ಲ ಅನ್ನಲಾರೆ.
೯೯೯೯ ಆಟ ಎಂದು ಚೀಟಿ ಅಂಟಿಸಿ
ಏಳನ್ನೇ ತಿರುಗಿಸಿ ತಿರುಗಿಸಿ ತೋರಿಸುತ್ತಿದ್ದ ಕ್ಯಾಸೆಟ್ಟಿಗೂ
ಈಗ ಗಿರಾಕಿ. ಮೋಸವೂ ಅಪ್ಪಟವಾಗಿರಬೇಕಂತೆ.

ಮೇಡಂ ಕಣ್ಣು ಕಪಾಟಿನ ಮೇಲೆ ನಿಂತಿತು.
ಅಲ್ಲೊಂದು ಜಾಮಿಟ್ರಿ ಬಾಕ್ಸು,
ಮೂಲೆಗಳಲ್ಲಿ ಬಣ್ಣ ಹೋಗಿ ತಗಡು.

ಅದು ಲಿಂಗರಾಜಪುರದಲ್ಲಿ ಕ್ಯಾಸೆಟ್ ಬಾಡಿಗೆಗೆ ಕೊಡುತ್ತಿದ್ದ ಕಾಲ.
ದಿನಕ್ಕೆ ಐದು ರೂಪಾಯಿ, ಅಡ್ವಾನ್ಸ್ ಐವತ್ತು.
ಐವತ್ತಿಲ್ಲದ ಎಬನೇಜರ್, ಏಳನೇ ಬಿ,
ಇದನ್ನು ಅಡವಿಟ್ಟು ನಂಬರ್ ಹದಿನಾಲ್ಕು ಒಯ್ದ.
"ಸೋಮವಾರ ತರ್ತೀನಿ ಅಂಕಲ್."
ಆಗ ನನಗೆ ಇಪ್ಪತ್ತಮೂರು. ಆ ಅಂಕಲ್ ಇನ್ನೂ ಚುಚ್ಚುತ್ತದೆ.

ಒಳಗೆ ಕೈವಾರ, ಅರ್ಧ ರಬ್ಬರು, ಬಸ್ ಪಾಸು.
ಪಾಸಿನ ಫೋಟೋದಲ್ಲಿ ಮುಖ ಮಾಸಿ
ಯೂನಿಫಾರ್ಮಿನ ಕಾಲರ್ ಮಾತ್ರ ಉಳಿದಿದೆ.

ಹದಿನಾಲ್ಕಕ್ಕೆ ಈಗ ಆರು ಸಾವಿರ ಸಿಗಬಹುದು,
ಚೀಟಿ ಹರಿಯದಿದ್ದರೆ.
ಬಾಕಿಯನ್ನು ಮೇಡಂ ಫೋನಿನಲ್ಲಿ ಗುಣಿಸಿದರು:
ಇಪ್ಪತ್ತಾರು ವರ್ಷ, ದಿನಕ್ಕೈದು,
ನಲವತ್ತೇಳು ಸಾವಿರದ ನಾನೂರ ಐವತ್ತು.
"ಲೀಪ್ ವರ್ಷದ ದಿನಗಳನ್ನು ಮಾಫಿ ಮಾಡಿದ್ದೇನೆ."

ನೋಡಿ, ಏರಿದ್ದು ಅದೊಂದೇ.

"ಈ ಬಾಕ್ಸ್ ಕೊಡ್ತೀರಾ?"
ಇದು ಮಾಲಲ್ಲ ಮೇಡಂ, ಅಡವು.
ಅವನು ಬರುವ ತನಕ ನನ್ನದಲ್ಲ.

ಎಂಬತ್ತು ಸಾವಿರದ್ದು ಕಪಾಟಿನಲ್ಲೇ ಉಳಿಯಿತು.
ಎಂಟುನೂರರದನ್ನು ಕೊಂಡರು,
ಚೌಕಾಸಿ ಮಾಡಿ, ಏಳುನೂರಕ್ಕೆ.
ಊದಬಾರದು, ಎಂಜಲ ತೇವಕ್ಕೆ ಪಿನ್ನು ಹಾಳು ಎಂದು
ನನಗೆ ಎಷ್ಟೋ ಸಲ ಪಾಠ ಹೇಳಿದ ಹೆಂಗಸು
ಮೆಟ್ಟಿಲ ತಿರುವಿನಲ್ಲಿ, ಯಾರೂ ಇಲ್ಲ ಅಂದುಕೊಂಡು,
ಕ್ಯಾಸೆಟ್ಟನ್ನು ತುಟಿಗಿಟ್ಟು
ಈ ತುದಿಯಿಂದ ಆ ತುದಿಗೆ
ಊದಿದರು.